ಎರಡು ವರ್ಷ ತುಂಬಲಿರುವ ಮಗಳೊಂದಿಗೆ ಜರ್ಮನಿಯ ಅತ್ತೆಮನೆಗೆ: ಹೇಗೆ ಸಿದ್ಧರಾಗಬೇಕು?

ಬಾಣೇರ್, ಪುಣೆ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಕೆಲಸದ ನಿಮಿತ್ತ ಪುಣೆಗೆ ಬಂದು ಇಲ್ಲಿಯೇ ನೆಲೆಸಿದ್ದೇನೆ. ನನ್ನ ಪತಿ ಜರ್ಮನಿಯವರು. ಚಾಕಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಾರೆ. ನಮ್ಮ ಮಗಳಿಗೆ ಬರುವ ಜೂನ್ ತಿಂಗಳಿನಲ್ಲಿ ಎರಡು ವರ್ಷ ತುಂಬುತ್ತದೆ. ಮೇ ತಿಂಗಳ ಮಧ್ಯದಲ್ಲಿ ಹೊರಟು, ಜೂನ್ ಮೂರನೆಯ ವಾರದವರೆಗೆ ಅತ್ತೆ-ಮಾವನವರೊಂದಿಗೆ ಇದ್ದು ಬರಬೇಕೆಂದು ನಿಶ್ಚಯಿಸಿದ್ದೇವೆ. ಅವರ ಮನೆ ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಫ್ರೈಬುರ್ಗ್ ನಗರಕ್ಕೆ ಸಮೀಪವಾಗಿ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಅಂಚಿನ ಹಳ್ಳಿಯೊಂದರಲ್ಲಿದೆ. ಅತ್ತೆಯವರಿಗೆ ಮೊಣಕಾಲಿನ ತೊಂದರೆ ಇರುವುದರಿಂದ ಅವರಿಗೆ ಇಲ್ಲಿಗೆ ಬರಲಾಗಿಲ್ಲ. ಮೊಮ್ಮಗಳನ್ನು ಈವರೆಗೆ ಫೋನಿನ ಪರದೆಯ ಮೇಲಷ್ಟೇ ನೋಡಿದ್ದಾರೆ.

ಮಗಳ ಜರ್ಮನ್ ಪಾಸ್‌ಪೋರ್ಟ್ ಮತ್ತು ಭಾರತದ ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಎರಡೂ ಕೈಸೇರಿವೆ. ಜರ್ಮನಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ನನ್ನ ಶೆಂಗೆನ್ ವೀಸಾ ಮಾತ್ರ ಬಾಕಿಯಿದೆ. ಆದ್ದರಿಂದ ನನ್ನ ಆತಂಕ ಕಾಗದಪತ್ರಗಳ ಬಗ್ಗೆ ಅಷ್ಟಾಗಿ ಇಲ್ಲ.

ಅತ್ತೆ-ಮಾವನವರು ಬಹಳ ಪ್ರೀತಿಯಿಂದ ದಾರಿ ಕಾಯುತ್ತಿದ್ದಾರೆ. ಮೊದಲ ವಾರ ತಮ್ಮ ಮನೆಯಲ್ಲಿ ಇರಿಸಿಕೊಂಡು, ಆ ಮೇಲೆ ಹ್ಯಾಂಬರ್ಗ್‌ನಲ್ಲಿರುವ ನಾದಿನಿಯ ಮನೆ, ಬರ್ಲಿನ್‌ನಲ್ಲಿರುವ ಚಿಕ್ಕಪ್ಪನ ಮನೆ, ಮ್ಯೂನಿಕ್‌ನ ಬಂಧುಗಳು ಎಂದು ನಮ್ಮ ಉಳಿದ ದಿನಗಳನ್ನೆಲ್ಲ ಹಂಚಿಟ್ಟಿದ್ದಾರೆ. ಮಗುವಿಗೆಂದೇ ಮೇಲಿನ ಮಹಡಿಯ ಪ್ರತ್ಯೇಕ ಕೋಣೆಗೆ ಬಣ್ಣ ಬಳಿಸಿ, ಕಟಕಟೆಯಿರುವ ಪುಟ್ಟ ಮಂಚ ತಂದಿರಿಸಿದ್ದಾರೆ. ನಮ್ಮ ಮಗಳು ಹುಟ್ಟಿದಾಗಿನಿಂದ ನನ್ನ ಮಗ್ಗುಲಿನಲ್ಲಿಯೇ ಮಲಗುತ್ತಾಳೆ. ರಾತ್ರಿ ಹತ್ತಕ್ಕೆ ಮೊದಲು ಅವಳಿಗೆ ನಿದ್ದೆ ಬರುವುದಿಲ್ಲ. ಅಲ್ಲಿ ಚಿಕ್ಕ ಮಕ್ಕಳು ಸಂಜೆ ಏಳಕ್ಕೆ ಮಲಗಿಬಿಡಬೇಕೆಂಬುದು ರೂಢಿ. ಇದಲ್ಲದೆ ನಾನು ಮತ್ತು ಮಗಳು ಸಸ್ಯಾಹಾರಿಗಳು. ಅವಳು ಅನ್ನ-ಸಾರು, ಮೊಸರು, ರಾಗಿ ಅಂಬಲಿ, ಒಗ್ಗರಣೆ ಅವಲಕ್ಕಿ ಬಿಟ್ಟು ಬೇರೆ ಏನನ್ನೂ ಸುಲಭವಾಗಿ ತಿನ್ನುವುದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಸಂಗತಿ. ಹೊಸಬರನ್ನು ಕಂಡರೆ ಅವಳು ನನ್ನ ಕುತ್ತಿಗೆಯನ್ನು ತಬ್ಬಿಕೊಂಡು ಅಳುತ್ತಾಳೆ. ಇಷ್ಟು ಕಾಲ ಕಾದು ಕುಳಿತ ಆ ಹಿರಿಯರ ಮುಂದೆಯೂ ಹಾಗೆಯೇ ಅತ್ತರೆ ಅವರ ಮನಸ್ಸಿಗೆ ಎಷ್ಟು ನೋವಾದೀತು? ಈ ದಾರಿಯಲ್ಲಿ ನಡೆದವರು, ಮಗುವಿಗೂ ಹಿರಿಯರಿಗೂ ಅನ್ಯಾಯವಾಗದಂತೆ ಇದನ್ನು ಹೇಗೆ ನಿಭಾಯಿಸಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿರಿ.

ಮುಲುಂಡ್, ಮುಂಬೈ

ಸಹೋದರಿ, ನನ್ನ ಪತ್ನಿ ಆಸ್ಟ್ರಿಯಾದವರು. ನಮ್ಮ ಮಗ ಈಗ ಶಾಲೆಗೆ ಹೋಗುತ್ತಾನೆ. ನೀವು ಆತಂಕವಿಲ್ಲವೆಂದರೂ ಕಾಗದಪತ್ರಗಳ ಒಂದೆರಡು ಸೂಕ್ಷ್ಮಗಳನ್ನು ಮೊದಲು ಹೇಳಿಬಿಡುತ್ತೇನೆ.

ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಪಕ್ಷ 15 ದಿನ ಮುಂಚೆ ಹಾಕಿರಲೇಬೇಕು. ಆದರೆ ಬೇಸಿಗೆ ರಜೆಯ ಹೊತ್ತಿಗೆ ಅರ್ಜಿ ಸಲ್ಲಿಸುವ ದಿನ ಸಿಗುವುದೇ ಕಷ್ಟವಾಗುವುದರಿಂದ ಕೊನೆಯವರೆಗೆ ಕಾಯಬೇಡಿ. ವೀಸಾಕ್ಕಾಗಿ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯವಾದ್ದರಿಂದ ನಿಮ್ಮ ವಿಮೆ ತಾನಾಗಿಯೇ ಆಗುತ್ತದೆ. ಅನೇಕ ಕುಟುಂಬಗಳಲ್ಲಿ ಮರೆತುಹೋಗುವುದು ಮಗುವಿನ ವಿಮೆ. ಅವಳ ಕೈಯಲ್ಲಿ ಜರ್ಮನ್ ಪಾಸ್‌ಪೋರ್ಟ್ ಇರುವುದರಿಂದ ಯಾರೂ ವಿಮೆಯ ಪತ್ರ ಕೇಳುವುದಿಲ್ಲ. ಆದರೆ ಅವಳು ವಾಸಿಸುವುದು ಪುಣೆಯಲ್ಲಿ, ಅಲ್ಲಿಯ ಆರೋಗ್ಯ ವಿಮಾ ವ್ಯವಸ್ಥೆಯಲ್ಲಿ ಅವಳ ಹೆಸರಿಲ್ಲ. ಪೌರತ್ವ ಇದ್ದ ಮಾತ್ರಕ್ಕೆ ಆಸ್ಪತ್ರೆಯ ವೆಚ್ಚ ಭರಿಸಲಾಗುವುದಿಲ್ಲ. ಅವಳಿಗೂ, ಇಲ್ಲಿಯೇ ನೆಲೆಸಿರುವ ನಿಮ್ಮ ಪತಿಗೂ ಪ್ರಯಾಣ ವಿಮೆಯನ್ನು ಬೇರೆಯಾಗಿ ಮಾಡಿಸಿರಿ.

ನಿಮ್ಮ ಮತ್ತು ಮಗಳ ಅಡ್ಡಹೆಸರು ಬೇರೆಯಾಗಿದ್ದರೆ ಜನನ ಪ್ರಮಾಣಪತ್ರದ ಪ್ರತಿ ಕೈಚೀಲದಲ್ಲಿಯೇ ಇರಲಿ. ಪತಿ ರಜೆ ಮುಗಿಸಿ ಮುಂಚಿತವಾಗಿ ಮರಳುವುದಾದರೆ, ತಾಯಿಯೊಬ್ಬಳೇ ಮಗುವನ್ನು ಕರೆದುಕೊಂಡು ಪ್ರಯಾಣಿಸಲು ಅವರ ಒಪ್ಪಿಗೆಯಿದೆಯೆಂಬ ನೋಟರಿ ಪತ್ರವೂ ಇರಲಿ. ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ ಓಸಿಐ ಜಾಲತಾಣದಲ್ಲಿ ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಏರಿಸಬೇಕು; 20 ವರ್ಷ ತುಂಬುವವರೆಗೆ ಈ ನಿಯಮ ನಡೆಯುತ್ತದೆ.

ಇನ್ನು ಪ್ರಯಾಣ. ಪುಣೆಯಿಂದ ಮುಂಬೈಯ ಎರಡನೆಯ ಟರ್ಮಿನಲ್‌ಗೆ ಹೋಗುವ ರಸ್ತೆಯಲ್ಲಿಯೇ ಮಗು ದಣಿದುಬಿಡುತ್ತದೆ. ಯೂರೋಪಿನ ವಿಮಾನಗಳು ಬಹುಪಾಲು ನಡುರಾತ್ರಿಯ ನಂತರ ಹೊರಡುತ್ತವೆ. ಖಂಡಾಳಾ ಘಾಟಿನಲ್ಲಿ ಲಾರಿಗಳ ಸಾಲಿಗೆ ಸಿಕ್ಕಿಕೊಂಡರೆ ಯಾವ ಲೆಕ್ಕಾಚಾರವೂ ನಿಲ್ಲುವುದಿಲ್ಲ. ಸಾಧ್ಯವಾದರೆ ಮಧ್ಯಾಹ್ನವೇ ಹೊರಟು, ಅಂಧೇರಿಯಲ್ಲಿಯೋ ಸಾಂತಾಕ್ರೂಜಿನಲ್ಲಿಯೋ ಯಾರಾದರೂ ಬಂಧುಗಳ ಮನೆಯಲ್ಲಿ ಮಗುವಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಒಂದು ನಿದ್ದೆ ಮುಗಿಸಿಕೊಂಡು ಹೋಗಿರಿ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಕಾರಿಗಿಂತ ರೈಲು ಉತ್ತಮವೆಂದು ನನ್ನ ಅಭಿಪ್ರಾಯ. ವಿಮಾನ ನಿಲ್ದಾಣದಲ್ಲಿಯೇ ದೂರಪ್ರಯಾಣದ ರೈಲು ನಿಲ್ದಾಣವಿದೆ. ಐಸಿಇ ಎಂಬ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಗಳಲ್ಲಿ ಫ್ರೈಬುರ್ಗ್ ಮುಟ್ಟಬಹುದು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಾಗುವುದಿಲ್ಲ. ಈ ರೈಲುಗಳಲ್ಲಿ ಪುಟ್ಟ ಮಕ್ಕಳಿರುವ ಕುಟುಂಬಗಳಿಗೆಂದೇ ಒಂದು ವಿಭಾಗವಿದ್ದು, ಆಸನ ಕಾಯ್ದಿರಿಸುವಾಗ ಅದನ್ನು ಕೇಳಿ ಪಡೆಯಬಹುದು. ಕಾರೇ ಆಗಬೇಕೆಂದರೆ, ಮಗುವಿನ ಆಸನವನ್ನು ಮಾವನವರು ಮೊದಲೇ ಅಳವಡಿಸಿರಬೇಕು. ಅಲ್ಲಿ 12 ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಎತ್ತರವಾಗುವವರೆಗೆ ಮಗುವಿಗೆ ತಕ್ಕ ಆಸನ ಇರಲೇಬೇಕೆಂಬುದು ಕಾನೂನು. ನಮ್ಮಲ್ಲಿಯಂತೆ ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ.

ಮಾಟುಂಗಾ, ಮುಂಬೈ

ತಂಗಿ, ನಾನು ಈ ವಿಷಯವನ್ನು ಆಚೆ ದಡದಿಂದ ನೋಡಿದವಳು. ನನ್ನ ಮಗ ನೆದರ್ಲೆಂಡ್ಸ್‌ನಲ್ಲಿದ್ದಾನೆ, ಸೊಸೆ ಅಲ್ಲಿಯವಳು. ಅವರು ಮೊಮ್ಮಗನನ್ನು ಕರೆದುಕೊಂಡು ಮಾಟುಂಗಾಕ್ಕೆ ಬರುವಾಗ ಬಾಗಿಲಲ್ಲಿ ಆರತಿ ಹಿಡಿದು ಕಾಯುವ ಅಜ್ಜಿ ನಾನೇ. ಆದ್ದರಿಂದ ನಿನ್ನ ಅತ್ತೆಯವರ ಪರವಾಗಿ ಎರಡು ಮಾತು ಹೇಳುತ್ತೇನೆ.

ಮಗು ನಮ್ಮನ್ನು ಕಂಡು ಅತ್ತರೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ನೋವು ಬೇರೆಯಿದೆ. ದಿನಗಳು ಕಳೆಯುತ್ತವೆ, ಮಗು ಮನೆಯಲ್ಲಿಯೇ ಇರುತ್ತದೆ, ಅದರ ಊಟ, ಸ್ನಾನ, ನಿದ್ದೆ ಎಲ್ಲವನ್ನೂ ತಾಯಿಯೇ ಮಾಡುತ್ತಾಳೆ, ನಾವು ಸೋಫಾದ ಮೇಲೆ ಕುಳಿತು ನೋಡುತ್ತಿರುತ್ತೇವೆ. ಸೊಸೆ ನಮಗೆ ತೊಂದರೆ ಕೊಡಬಾರದೆಂಬ ಮರ್ಯಾದೆಯಿಂದಲೇ ಹಾಗೆ ಮಾಡುತ್ತಾಳೆ. ನಾವು ಕೇಳಲು ಹಿಂಜರಿಯುತ್ತೇವೆ. ಹೀಗೆ ಎರಡೂ ಕಡೆಯ ಒಳ್ಳೆಯತನದಲ್ಲಿಯೇ ರಜೆ ಮುಗಿದುಹೋಗುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಬಿಡಿಸಿದ್ದು ನನ್ನ ಸೊಸೆಯೇ. ಒಂದು ಬಾರಿ ಬಂದಾಗ ಅವಳು, ಬೆಳಗಿನ ಸ್ನಾನ ಇನ್ನು ಮುಂದೆ ಅಜ್ಜಿಯದು ಎಂದು ಹೇಳಿ ಬಚ್ಚಲಮನೆಯಿಂದ ಹೊರಗೆ ಬಂದುಬಿಟ್ಟಳು. ಮೊದಲ ದಿನಗಳಲ್ಲಿ ಅವಳು ಬಾಗಿಲ ಬಳಿಯೇ ನಿಂತಿದ್ದಳು, ಆಮೇಲೆ ಅಡುಗೆಮನೆಗೆ ಹೋದಳು, ಕೊನೆಗೆ ಕೆಳಗಿನ ಅಂಗಡಿಗೆ ಹೋಗಿ ಬರುವಷ್ಟಾಯಿತು. ಪ್ರತಿದಿನ ಅದೇ ಹೊತ್ತು, ಅದೇ ತಂಬಿಗೆ, ಅದೇ ಹಾಡು. ಮಗುವಿಗೆ ಬೇಕಾಗುವುದು ಅಷ್ಟೇ. ನಮ್ಮ ಉಡುಗೊರೆಗಳಿಂದ ಆಗದ ಪರಿಚಯ ಆ ಸ್ನಾನದಿಂದ ಆಯಿತು.

ಆದ್ದರಿಂದ ನಿನ್ನ ಅತ್ತೆಗೂ ಮಾವನಿಗೂ ದಿನಕ್ಕೊಂದು ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಡು. ಅತ್ತೆಯವರಿಗೆ ಮೊಣಕಾಲು ನೋವಿರುವುದರಿಂದ ಓಡಾಟದ ಕೆಲಸ ಬೇಡ, ಕುಳಿತು ಮಾಡುವಂಥದ್ದು ಇರಲಿ. ಅವರು ನಿನ್ನ ಹಾಗೆ ಮಾಡದಿದ್ದರೂ ತಿದ್ದಬೇಡ. ಆದರೆ ಒಂದು ವಾರ ಇಲ್ಲಿ, ನಾಲ್ಕು ದಿನ ಅಲ್ಲಿ ಎಂದು ಊರೂರು ಸುತ್ತಿದರೆ ಇದು ಯಾವುದೂ ಬೇರು ಬಿಡುವುದಿಲ್ಲ. ಆ ಪ್ರವಾಸದ ಪಟ್ಟಿಯನ್ನು ನಿನ್ನ ಪತಿ ತಮ್ಮ ತಂದೆ-ತಾಯಿಯ ಮುಂದೆ ತಾವೇ ಬದಲಾಯಿಸಬೇಕು. ಆ ಮಾತು ಸೊಸೆಯ ಬಾಯಿಂದ ಬರಬಾರದು.

ಪಿಂಪ್ರಿ, ಪುಣೆ

ಮಾಟುಂಗಾದ ಅಮ್ಮನವರ ಮಾತನ್ನು ಗೌರವದಿಂದ ಓದಿದೆ. ಆದರೂ ಕೊನೆಯ ಅಂಶದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಮೂವರ ವಿಮಾನದ ವೆಚ್ಚ, ರಜೆ, ವೀಸಾ ಇವನ್ನೆಲ್ಲ ಹೊಂದಿಸಿಕೊಂಡು ಹೋಗುವ ಪ್ರಯಾಣ ಪ್ರತಿವರ್ಷ ಆಗುವಂಥದ್ದಲ್ಲ. ಬರ್ಲಿನ್‌ನ ಚಿಕ್ಕಪ್ಪನವರು ಮುಂದಿನ ಬಾರಿಗೆ ಇರುತ್ತಾರೆಂದು ಯಾರು ಹೇಳಬಲ್ಲರು? ನನ್ನ ಪತ್ನಿಯ ತವರು ಮಾರಿಷಸ್. ಅಲ್ಲಿಗೆ ಹೋದಾಗ ನಾವು ಹಿರಿಯರೆಲ್ಲರ ಮನೆಗೂ ಹೋಗಿಬಂದೆವು. ಆ ವರ್ಷವೇ ಅವರಲ್ಲಿ ಇಬ್ಬರು ತೀರಿಕೊಂಡರು. ಅವರ ತೊಡೆಯ ಮೇಲೆ ಮಗು ಕುಳಿತಿರುವ ಚಿತ್ರಗಳನ್ನು ನೋಡುವಾಗ ಮಗು ದಣಿದದ್ದು ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ. ಬಂಧುಬಳಗವೆಂದರೆ ಅಜ್ಜ-ಅಜ್ಜಿ ಇಬ್ಬರೇ ಅಲ್ಲ.

ಮಾಟುಂಗಾ, ಮುಂಬೈ

ತಮ್ಮ, ನೀನು ಹೇಳುವುದು ನಿಜ, ಹಿರಿಯರ ಆಯುಸ್ಸಿಗೆ ಯಾರೂ ಹೊಣೆಯಲ್ಲ. ಆದರೆ ಮಾರಿಷಸ್ ಒಂದು ಸಣ್ಣ ದ್ವೀಪ. ಅಲ್ಲಿ ಯಾರ ಮನೆಗೆ ಹೋದರೂ ಮಗು ರಾತ್ರಿ ತನ್ನ ಹಾಸಿಗೆಗೆ ಮರಳಬಹುದು. ಫ್ರೈಬುರ್ಗ್‌ನಿಂದ ಹ್ಯಾಂಬರ್ಗ್ ಎಂದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿ, ವೇಗದ ರೈಲಿನಲ್ಲಿಯೂ ಆರು ಗಂಟೆಗೆ ಕಡಿಮೆಯಿಲ್ಲ. ಬಂಧುಗಳು ಮಗುವಿದ್ದಲ್ಲಿಗೆ ಬರಲಿ. ತೀರಾ ವಯಸ್ಸಾದವರು ಬರಲಾರರು ಎಂದಾದರೆ ಅವರೊಬ್ಬರ ಮನೆಗೆ ಮಾತ್ರ ಹೋಗಲಿ.

ಮಡಗಾಂವ್, ಗೋವಾ — ಮಕ್ಕಳ ವೈದ್ಯೆ

ನಾನು ಶಿರಸಿಯ ಕಡೆಯವಳು, ಗೋವೆಯಲ್ಲಿ ಮಕ್ಕಳ ವೈದ್ಯೆಯಾಗಿದ್ದೇನೆ. ಆರೋಗ್ಯದ ವಿಷಯದಲ್ಲಿ ಇಲ್ಲಿ ಬರೆಯುತ್ತಿರುವುದು ಸಾಮಾನ್ಯ ತಿಳಿವಳಿಕೆ. ನಿಮ್ಮ ಮಗುವನ್ನು ಬಲ್ಲ ವೈದ್ಯರ ಸಲಹೆಯನ್ನು ಹೊರಡುವ ಮುಂಚೆ ತಪ್ಪದೆ ಪಡೆಯಿರಿ.

ನಿದ್ದೆಯ ಪ್ರಶ್ನೆಯನ್ನು ಮೊದಲು ನೋಡೋಣ, ಏಕೆಂದರೆ ಅದು ನೀವು ಅಂದುಕೊಂಡದ್ದಕ್ಕಿಂತ ಬೇರೆ ರೂಪದಲ್ಲಿ ಎದುರಾಗುತ್ತದೆ. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ನಮ್ಮ ರಾತ್ರಿ ಹತ್ತು ಗಂಟೆ ಎಂದರೆ ಅಲ್ಲಿ ಸಂಜೆ ಆರೂವರೆ. ಅಂದರೆ ಮೊದಲ ದಿನಗಳಲ್ಲಿ ನಿಮ್ಮ ಮಗಳು ಅತ್ತೆಯವರು ಬಯಸುವ ಏಳು ಗಂಟೆಗೆ ತಾನಾಗಿಯೇ ತೂಕಡಿಸುತ್ತಾಳೆ. ತೊಂದರೆ ಬರುವುದು ಬೆಳಗಿನ ಜಾವದಲ್ಲಿ. ಇಲ್ಲಿ ಎಂಟಕ್ಕೆ ಏಳುವ ಮಗು ಅಲ್ಲಿ ನಾಲ್ಕೂವರೆಗೆ ಎದ್ದು ಕುಳಿತು ಆಟಕ್ಕೆ ಕರೆಯುತ್ತದೆ. ದೇಹದ ಗಡಿಯಾರ ಸ್ಥೂಲವಾಗಿ ದಿನಕ್ಕೆ ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಏಳರ ನಿದ್ದೆಯನ್ನು ಉಳಿಸಿಕೊಳ್ಳಬೇಕೆಂದರೆ ಹೊತ್ತಿಗೆ ಸರಿಯಾಗಿ ಕೋಣೆಯನ್ನು ಕತ್ತಲೆ ಮಾಡಬೇಕಾಗುತ್ತದೆ, ಏಕೆಂದರೆ ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಹಗಲಿನ ಬೆಳಕು ಇರುತ್ತದೆ. ಜರ್ಮನಿಯ ಬಹಳ ಮನೆಗಳಲ್ಲಿ ಕಿಟಕಿಗೆ ಸುರುಳಿ ಪರದೆಯಂಥ ಗಟ್ಟಿ ಮುಚ್ಚಳವಿರುತ್ತದೆ. ಅದನ್ನು ಎಳೆದರೆ ಸಾಕು.

ಪ್ರತ್ಯೇಕ ಕೋಣೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಊರು, ಭಾಷೆ, ಹವೆ, ಮುಖಗಳು ಎಲ್ಲವೂ ಒಮ್ಮೆಲೇ ಬದಲಾಗುವಾಗ ತಾಯಿಯ ಮಗ್ಗುಲನ್ನೂ ಅದೇ ರಾತ್ರಿ ಬದಲಾಯಿಸಬಾರದು. ಅತ್ತೆಯವರು ಪ್ರೀತಿಯಿಂದ ತಂದ ಮಂಚವನ್ನು ತಿರಸ್ಕರಿಸುವ ಅಗತ್ಯವಿಲ್ಲ: ಅದನ್ನು ನಿಮ್ಮ ಕೋಣೆಗೆ ತರಿಸಿಕೊಂಡು ಹಗಲಿನ ನಿದ್ದೆಯನ್ನು ಅದರಲ್ಲಿ ಮಾಡಿಸಿರಿ.

ಲಸಿಕೆಗಳ ವಿಷಯ. ದಡಾರದ ಎರಡು ಡೋಸುಗಳೂ ಪೂರ್ಣವಾಗಿರಬೇಕು. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಎರಡನೆಯದನ್ನು 16ರಿಂದ 24 ತಿಂಗಳ ನಡುವೆ ಕೊಡುವುದರಿಂದ ನಿಮ್ಮ ಮಗಳ ವಯಸ್ಸಿನವರಲ್ಲಿ ಕೆಲವರಿಗೆ ಅದು ಬಾಕಿ ಉಳಿದಿರುತ್ತದೆ. ಲಸಿಕೆಯ ಪುಸ್ತಕವನ್ನು ಜೊತೆಗೆ ಒಯ್ಯಿರಿ.

ನೀವು ಹೋಗುತ್ತಿರುವ ಪ್ರದೇಶಕ್ಕೆ ವಿಶೇಷವಾದ ಒಂದು ಎಚ್ಚರಿಕೆಯಿದೆ. ದಕ್ಷಿಣ ಜರ್ಮನಿಯ ಬಾಡೆನ್-ವ್ಯೂರ್ಟೆಂಬೆರ್ಗ್ ಮತ್ತು ಬವೇರಿಯಾ ರಾಜ್ಯಗಳಲ್ಲಿ ಉಣ್ಣೆ ಎಂಬ ರಕ್ತ ಹೀರುವ ಹುಳು ಕಚ್ಚುವುದರಿಂದ ಹರಡುವ ಮಿದುಳಿನ ಉರಿಯೂತದ ಜ್ವರವಿದೆ. ಬ್ಲ್ಯಾಕ್ ಫಾರೆಸ್ಟ್ ಆ ವಲಯದೊಳಗೇ ಬರುತ್ತದೆ. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೂ ಉಣ್ಣೆಯಿಂದಲೇ ಬರುತ್ತದೆ, ಮತ್ತು ಎರಡರ ವೈರಸ್‌ಗಳೂ ಒಂದೇ ಕುಟುಂಬಕ್ಕೆ ಸೇರಿದವು. ನಮ್ಮ ಗೋವೆಯ ಸತ್ತರಿ ತಾಲ್ಲೂಕಿನಲ್ಲಿಯೂ ಮಂಗನ ಕಾಯಿಲೆ ಕಾಣಿಸಿಕೊಂಡಿದೆ. ಜರ್ಮನಿಯ ಜ್ವರಕ್ಕೆ ಒಂದು ವರ್ಷ ತುಂಬಿದ ಮಕ್ಕಳಿಗೂ ಕೊಡಬಹುದಾದ ಲಸಿಕೆಯಿದೆ. ಅದರ ಡೋಸುಗಳ ನಡುವೆ ಅಂತರ ಬೇಕಾಗುವುದರಿಂದ ಅತ್ತೆ-ಮಾವನವರ ಕುಟುಂಬ ವೈದ್ಯರೊಂದಿಗೆ ಈಗಲೇ ಮಾತನಾಡಿರಿ. ಲಸಿಕೆ ಆಗಿರಲಿ ಬಿಡಲಿ, ಹುಲ್ಲಿನಲ್ಲಿಯೋ ಕಾಡಿನ ಅಂಚಿನಲ್ಲಿಯೋ ಆಡಿ ಬಂದ ಸಂಜೆ ಮಗುವಿನ ಕಿವಿಯ ಹಿಂದೆ, ಕೂದಲ ಅಂಚು, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗಗಳನ್ನು ಬೆರಳಾಡಿಸಿ ನೋಡಿರಿ. ಉಣ್ಣೆ ಕಂಡರೆ ಎಣ್ಣೆ ಹಚ್ಚದೆ, ಚಿಮುಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಕಚ್ಚಿದ ಜಾಗದಲ್ಲಿ ಮುಂದಿನ ವಾರಗಳಲ್ಲಿ ಕೆಂಪು ಬಳೆಯಂತೆ ಹರಡಿದರೆ ಅದು ಲೈಮ್ ಎಂಬ ಬೇರೆ ರೋಗದ ಲಕ್ಷಣ. ಅದಕ್ಕೆ ಆ್ಯಂಟಿಬಯಾಟಿಕ್ ಚಿಕಿತ್ಸೆಯಿದೆ. ಪುಣೆಗೆ ಮರಳಿದ ಮೇಲೆ ಕಾಣಿಸಿಕೊಂಡರೂ ಉಣ್ಣೆ ಕಚ್ಚಿದ್ದನ್ನು ಇಲ್ಲಿಯ ವೈದ್ಯರಿಗೆ ಹೇಳಲೇಬೇಕು, ಇಲ್ಲವಾದರೆ ಅವರಿಗೆ ಅದು ಹೊಳೆಯುವುದು ಕಷ್ಟ.

ಪ್ಯಾರಾಸಿಟಮಾಲ್ ಸಿರಪ್ಪನ್ನು ಚಮಚದ ಲೆಕ್ಕದಲ್ಲಿ ಎಂದೂ ನೆನಪಿಟ್ಟುಕೊಳ್ಳಬೇಡಿ. ನಮ್ಮಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಮಿಲಿಗ್ರಾಂ ಇರುವುದೂ ಇದೆ. ಜರ್ಮನಿಯಲ್ಲಿ ದೊರೆಯುವುದು ಸಾಮಾನ್ಯವಾಗಿ 200 ಮಿಲಿಗ್ರಾಂ. ಮಗುವಿನ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂಬುದನ್ನು ನಿಮ್ಮ ವೈದ್ಯರಿಂದ ಬರೆಯಿಸಿಕೊಂಡು ಹೋಗಿರಿ. ವಿಮಾನದಲ್ಲಿ ಮಗು ಮಲಗಲೆಂದು ನೆಗಡಿಯ ಔಷಧಿ ಕುಡಿಸುವ ಸಲಹೆಯನ್ನು ಯಾರಾದರೂ ಕೊಟ್ಟೇ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಿಮಾನ ಇಳಿಯುವಾಗ ಕಿವಿ ನೋಯದಿರಲು ಎದೆಹಾಲು ಅಥವಾ ಗುಟುಕು ಗುಟುಕಾಗಿ ನೀರು ಕೊಟ್ಟರೆ ಸಾಕಾಗುತ್ತದೆ. ಅಲ್ಲಿ ತುರ್ತು ಕರೆಗೆ 112, ರಾತ್ರಿ ಅಥವಾ ರಜಾದಿನ ವೈದ್ಯರ ಸಲಹೆ ಬೇಕಾದರೆ 116117. ಹಳ್ಳಿಯಲ್ಲಿ ಹೊಲದ ಮನೆಯಿಂದ ನೇರವಾಗಿ ಹಾಲು ತರುವ ರೂಢಿಯಿದ್ದರೆ ಅದನ್ನು ಕಾಯಿಸಿಯೇ ಮಗುವಿಗೆ ಕೊಡಿ.

ಬಾಣೇರ್, ಪುಣೆ — ಪ್ರಶ್ನೆ ಕೇಳಿದವರು

ಡಾಕ್ಟರೇ, ಮಾಟುಂಗಾದ ಅಮ್ಮ, ನಿಮ್ಮಿಬ್ಬರ ಮಾತುಗಳನ್ನು ಪತಿಗೆ ಸಾಲು ಸಾಲಾಗಿ ವಿವರಿಸಿ ಹೇಳಿದೆ. ಬೆಳಗಿನ ನಾಲ್ಕೂವರೆಯ ಲೆಕ್ಕ ಕೇಳಿದ ಕೂಡಲೇ ಅವರು, ತಮ್ಮ ತಂದೆ ಎಷ್ಟೋ ವರ್ಷಗಳಿಂದ ಐದಕ್ಕೆ ಮೊದಲೇ ಎದ್ದು ಕೋಳಿಗಳಿಗೆ ಕಾಳು ಹಾಕುವವರೆಂದು ನೆನಪಿಸಿದರು. ಹಾಗಾದರೆ ಬೆಳಗಿನ ಜಾವವನ್ನು ಮಾವನವರಿಗೇ ಒಪ್ಪಿಸಬಹುದಲ್ಲವೇ? ನಮ್ಮ ಮಗಳಿಗೆ ಕೋಳಿಗಳೆಂದರೆ ಜೀವ. ಮೊದಲ ದಿನಗಳಲ್ಲಿ ನಾನೂ ಅಂಗಳದಲ್ಲಿ ಕುಳಿತಿರುತ್ತೇನೆ.

ಊಟದ ವಿಷಯದಲ್ಲಿ ಯಾರೂ ಇನ್ನೂ ಬರೆದಿಲ್ಲ. ಅಲ್ಲಿ ಮಾಂಸದಂಗಡಿಗೆ ಹೋದರೆ ಅಂಗಡಿಯವರು ಮಕ್ಕಳ ಕೈಗೆ ಒಂದು ಚೂರು ಸಾಸೇಜ್ ಕೊಡುವ ಪದ್ಧತಿಯಿದೆಯಂತೆ; ಅದು ಅವರ ವಾತ್ಸಲ್ಯ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಮಗಳು ತಾನೇ ತಿಳಿದು ಆರಿಸಿಕೊಳ್ಳುವ ವಯಸ್ಸಿನವರೆಗೆ ಮಾಂಸ ಬೇಡವೆಂದು ನಾವಿಬ್ಬರೂ ಸೇರಿ ನಿರ್ಧರಿಸಿದ್ದೇವೆ.

ವಾಸ್ಕೊ, ಗೋವಾ

ನನ್ನ ಮಗಳ ಮನೆ ಕಲೋನ್‌ನಲ್ಲಿದೆ, ಬಾಣಂತನಕ್ಕೆ ಹೋಗಿ ಅಲ್ಲಿದ್ದು ಬಂದವಳು ನಾನು. ಸಾಸೇಜಿನ ಮಾತನ್ನೂ ನಿನ್ನ ಪತಿಯೇ ಹೊರಡುವ ಮುಂಚೆ ತಾಯಿಗೆ ಹೇಳಿರಲಿ. ಅಂಗಡಿಯಲ್ಲಿ, ಜನರ ಮುಂದೆ ತಡೆಯುವಂತಾದರೆ ಇಬ್ಬರಿಗೂ ಮುಜುಗರ. ಮುಂಚಿತವಾಗಿ ತಿಳಿಸಿದರೆ ಅಲ್ಲಿಯವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ನನ್ನ ಬೀಗಿತ್ತಿ ನನಗಾಗಿ ಬೇರೆ ಬಾಣಲೆಯನ್ನೇ ತಂದಿರಿಸಿದ್ದರು.

ಒಯ್ಯುವ ಸಾಮಾನಿನ ವಿಷಯ ಮುಖ್ಯ. ಧಾರವಾಡದವಳಾದ್ದರಿಂದ ಪೇಡೆ ಒಯ್ಯಬೇಕೆಂಬ ಆಸೆ ನಿನಗೆ ಇದ್ದೇ ಇರುತ್ತದೆ. ಆದರೆ ಹೊರದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ತುಪ್ಪ, ಪನೀರ್, ಖೋವಾದ ಸಿಹಿ ಯಾವುದೂ ಬೇಡ. ಮಗುವಿನ ಹಾಲಿನ ಪುಡಿ ಮತ್ತು ಶಿಶು ಆಹಾರಕ್ಕೆ ಮಾತ್ರ, ಕಂಪನಿಯ ಮುಚ್ಚಿದ ಪೊಟ್ಟಣದಲ್ಲಿದ್ದು ಫ್ರಿಜ್ ಬೇಕಾಗದಂಥದ್ದಾದರೆ, 2 ಕಿಲೋವರೆಗೆ ವಿನಾಯಿತಿಯಿದೆ. ಹಸಿ ಕರಿಬೇವು, ಮಾವಿನ ಹಣ್ಣುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಒಣಗಿಸಿದ ಕರಿಬೇವು ಒಳ್ಳೆಯದು. ಒಣಕೊಬ್ಬರಿಯನ್ನು ಬೆಂಕಿಯ ಅಪಾಯದ ಕಾರಣದಿಂದ ವಿಮಾನದ ಸಾಮಾನಿನಲ್ಲಿ ಬಿಡುವುದಿಲ್ಲ. ರಾಗಿ ಹಿಟ್ಟು, ಗಟ್ಟಿ ಅವಲಕ್ಕಿ, ಸಾರಿನ ಪುಡಿ, ಶೇಂಗಾ ಚಟ್ನಿಪುಡಿ ಇಷ್ಟು ಸಾಕು. ಶೇಂಗಾ ಕಾಳನ್ನು ಇಡಿಯಾಗಿ ಈ ವಯಸ್ಸಿನ ಮಗುವಿನ ಕೈಗೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಉಳಿದದ್ದೆಲ್ಲ ಅಲ್ಲಿಯೇ ಸಿಗುತ್ತದೆ. ಅಲ್ಲಿಯ ಬೆಣ್ಣೆ ಸಾಮಾನ್ಯವಾಗಿ ಉಪ್ಪಿಲ್ಲದ್ದು, ಕಾಯಿಸಿದರೆ ಒಳ್ಳೆಯ ತುಪ್ಪವಾಗುತ್ತದೆ. ಅಕ್ಕಿ, ಮೊಸರು, ಕೆಂಪು ಬೇಳೆ ಎಲ್ಲ ಅಂಗಡಿಗಳಲ್ಲಿ ಇವೆ. ರವೆಯನ್ನು ಹಾಲಿನಲ್ಲಿ ಬೇಯಿಸಿ ಸಕ್ಕರೆ ಹಾಕುವ ಒಂದು ಗಂಜಿಯನ್ನು ಜರ್ಮನಿಯ ಅಜ್ಜಿಯರು ಮಕ್ಕಳಿಗೆ ತಲೆಮಾರುಗಳಿಂದ ಮಾಡಿಕೊಡುತ್ತ ಬಂದಿದ್ದಾರೆ. ಹೆಚ್ಚುಕಡಿಮೆ ನಮ್ಮ ತೆಳ್ಳನೆಯ ಸಜ್ಜಿಗೆಯೇ. ಮಾಟುಂಗಾದವರು ಕುಳಿತು ಮಾಡುವ ಕೆಲಸ ಎಂದರಲ್ಲ, ಸಂಜೆ ಆ ಗಂಜಿ ತಿನ್ನಿಸುವ ಕೆಲಸವನ್ನು ನಿನ್ನ ಅತ್ತೆಯವರಿಗೆ ಬಿಡು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನೀನು ಹೋಗುವ ತಿಂಗಳುಗಳಲ್ಲಿ ಕ್ರೈಸ್ತರ ಹಬ್ಬದ ರಜೆಗಳೂ ಬರುತ್ತವೆ, ಆದ್ದರಿಂದ ಡೈಪರ್, ಹಾಲು ಮೊದಲಾದವನ್ನು ಶನಿವಾರವೇ ತಂದಿಡಬೇಕು.

ಡೊಂಬಿವಿಲಿ, ಮುಂಬೈ

ನಾನು ಶಾಲಾ ಶಿಕ್ಷಕಿ. ಭಾಷೆಯ ಬಗ್ಗೆ ಮಾತ್ರ ಬರೆಯುತ್ತೇನೆ. ನಿಮ್ಮ ಮಗಳು ಮನೆಯಲ್ಲಿ ನಿಮ್ಮಿಂದ ಕನ್ನಡ, ತಂದೆಯಿಂದ ಜರ್ಮನ್, ನೋಡಿಕೊಳ್ಳುವ ಮಾವಶಿಯಿಂದ ಮರಾಠಿ ಕೇಳುತ್ತಿರಬಹುದು. ಅಲ್ಲಿಯ ಬಂಧುಗಳಲ್ಲಿ ಯಾರಾದರೂ ಮಗುವಿಗೆ ಗೊಂದಲವಾಗುತ್ತದೆ, ಅಲ್ಲಿರುವಷ್ಟು ದಿನ ಕನ್ನಡ ನಿಲ್ಲಿಸು ಎಂದು ಸಲಹೆ ಕೊಡಬಹುದು. ದಯವಿಟ್ಟು ನಿಲ್ಲಿಸಬೇಡಿ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆಂಬ ನಂಬಿಕೆಯನ್ನು ಸಂಶೋಧನೆಗಳು ಸಮರ್ಥಿಸಿಲ್ಲ. ಫ್ರೆಂಚ್ ಭಾಷಾತಜ್ಞ ಝೂಲ್ ರೋಂಜಾ, ತಾನು ಫ್ರೆಂಚ್‌ನಲ್ಲಿಯೂ ಪತ್ನಿ ಜರ್ಮನ್‌ನಲ್ಲಿಯೂ ಮಾತನಾಡಿಸಿ ಬೆಳೆಸಿದ ಮಗನ ಎರಡೂ ಭಾಷೆಗಳ ಬೆಳವಣಿಗೆಯನ್ನು ದಾಖಲಿಸಿ 1913ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅಪರಿಚಿತ ಮನೆಯಲ್ಲಿ ತಾಯಿಯ ಭಾಷೆಯೂ ಮಾಯವಾದರೆ ಮಗುವಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಹೊರಡುವವರೆಗಿನ ವಾರಗಳಲ್ಲಿ ವೀಡಿಯೊ ಕರೆಯನ್ನು ಪ್ರತಿದಿನ ಒಂದೇ ಹೊತ್ತಿಗೆ, ಚಿಕ್ಕದಾಗಿ ಮಾಡಿರಿ. ಮಗುವಿನ ಮುಖವನ್ನು ಪರದೆಗೆ ತಿರುಗಿಸಿ ಮಾತನಾಡು ಎಂದು ಒತ್ತಾಯಿಸುವುದಕ್ಕಿಂತ, ಅಜ್ಜಿ ಅಲ್ಲಿ ಒಂದು ಪ್ರಾಸಗೀತೆಯನ್ನು ಕೈಸನ್ನೆಯೊಂದಿಗೆ ಹೇಳಲಿ, ಅಜ್ಜ ಕೋಳಿಗಳನ್ನು ತೋರಿಸಲಿ. ಹೋದ ದಿನ ಅವರು ಅದೇ ಗೀತೆಯನ್ನು ದೂರದಿಂದಲೇ ಹೇಳಬೇಕು, ಕೈಚಾಚಿ ಎತ್ತಿಕೊಳ್ಳಬಾರದು. ಮಗು ತಾನಾಗಿ ಹತ್ತಿರ ಬರುವವರೆಗೆ ಕಾಯುವುದು ಹಿರಿಯರಿಗೆ ಬಹಳ ಕಷ್ಟ, ಆದರೂ ಅದನ್ನು ಅವರಿಗೆ ಮೊದಲೇ ತಿಳಿಸಿ ಹೇಳಬೇಕು.

ಬಾಣೇರ್, ಪುಣೆ — ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಪತಿ ತಮ್ಮ ತಂದೆ-ತಾಯಿಯೊಂದಿಗೆ ದೀರ್ಘವಾಗಿ ಮಾತನಾಡಿದರು. ಪ್ರವಾಸದ ಪಟ್ಟಿಯನ್ನು ಬಿಡಲು ಅತ್ತೆಯವರು ಮೊದಲು ಒಪ್ಪಲಿಲ್ಲ; ಬಂಧುಗಳಿಗೆಲ್ಲ ಮಾತು ಕೊಟ್ಟಾಗಿದೆ ಎಂದು ಬೇಸರಪಟ್ಟರು. ಕೊನೆಗೆ, ಮಗಳ ಹುಟ್ಟುಹಬ್ಬದ ವಾರಾಂತ್ಯದಲ್ಲಿ ಹ್ಯಾಂಬರ್ಗ್ ಮತ್ತು ಮ್ಯೂನಿಕ್‌ನವರು ಹಳ್ಳಿಗೇ ಬರುವುದೆಂದೂ, ವಯಸ್ಸಾದ ಚಿಕ್ಕಪ್ಪನವರನ್ನು ನೋಡಲು ಪತಿಯೊಬ್ಬರೇ ಬರ್ಲಿನ್‌ಗೆ ಹೋಗಿಬರುವುದೆಂದೂ ನಿಶ್ಚಯವಾಯಿತು. ಪಿಂಪ್ರಿಯ ಅಣ್ಣನವರ ಮಾತಿನಲ್ಲಿಯೂ ಸತ್ಯವಿರುವುದರಿಂದ, ಮುಂದಿನ ಬಾರಿ ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಬರ್ಲಿನ್‌ನ ಚಿಕ್ಕಪ್ಪನವರ ಮನೆಗೆ ಮೊದಲು ಹೋಗುತ್ತೇವೆ. ಮಂಚ ನಮ್ಮ ಕೋಣೆಗೆ ಬರುತ್ತದೆ. ಬೆಳಗಿನ ಕೋಳಿಗಳು ಮಾವನವರದು, ಸಂಜೆಯ ಗಂಜಿ ಅತ್ತೆಯವರದು. ಇದನ್ನು ಹೇಳಿದಾಗ ಅತ್ತೆಯವರು ಗಂಜಿಗೆ ಎಷ್ಟು ಸಕ್ಕರೆ ಹಾಕಬೇಕೆಂದು ನನ್ನನ್ನೇ ಕರೆದು ಕೇಳಿದರು. ನಿಮ್ಮ ಇಷ್ಟದಂತೆ ಎಂದು ಹೇಳಿದೆ.

ಒಂದೇ ಪ್ರಶ್ನೆ ಉಳಿದಿದೆ. ಹೋಗುವಾಗ ಮಗಳಿಗೆ ಎರಡು ತುಂಬಿರುವುದಿಲ್ಲ, ಬರುವಾಗ ತುಂಬಿರುತ್ತದೆ. ಹೋಗುವಾಗ ತೊಡೆಯ ಮೇಲೆ ಕೂರಿಸಿಕೊಂಡು, ಬರುವಾಗ ಮಾತ್ರ ಆಸನ ಕೊಂಡರೆ ಸಾಕೇ?

ಮುಲುಂಡ್, ಮುಂಬೈ

ನಿಯಮದಂತೆ ಸಾಕು. ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂರುವುದಾದರೆ ಅನೇಕ ವಿಮಾನ ಸಂಸ್ಥೆಗಳು ದೊಡ್ಡವರ ದರದ ಸುಮಾರು ಹತ್ತನೆಯ ಒಂದು ಭಾಗವನ್ನಷ್ಟೇ ತೆಗೆದುಕೊಳ್ಳುತ್ತವೆ. ಎರಡು ತುಂಬಿದ ದಿನದಿಂದ ಆಸನ ಕಡ್ಡಾಯ. ಟಿಕೆಟ್ ಕೊಳ್ಳುವಾಗ ಹುಟ್ಟಿದ ದಿನಾಂಕವನ್ನು ಸರಿಯಾಗಿ ನಮೂದಿಸಿ, ಎರಡೂ ದಿಕ್ಕಿನ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಮಾಡಿಸಿರಿ.

ಆದರೆ ಹಣಕ್ಕೆ ತೀರಾ ಅಡಚಣೆಯಿಲ್ಲದಿದ್ದರೆ ಹೋಗುವಾಗಲೂ ಆಸನ ಕೊಳ್ಳಿರಿ ಎಂದೇ ನಾನು ಹೇಳುತ್ತೇನೆ. ವಿಮಾನದ ತೊಟ್ಟಿಲಿಗೆ ತೂಕ ಮತ್ತು ಉದ್ದದ ಮಿತಿಯಿರುತ್ತದೆ. ನಿಮ್ಮ ಮಗಳ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಅದನ್ನು ಮೀರಿರುತ್ತಾರೆ. ಮುಂಬೈಯಿಂದ ಫ್ರಾಂಕ್‌ಫರ್ಟ್‌ವರೆಗೆ ಇಡೀ ರಾತ್ರಿ ಬೆಳೆದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ ನೀವಿಬ್ಬರೂ ನಿದ್ದೆಗೆಟ್ಟು ಇಳಿಯುತ್ತೀರಿ, ಮತ್ತು ಅತ್ತೆ-ಮಾವನವರೊಂದಿಗಿನ ಮೊದಲ ಭೇಟಿ ಆ ಸ್ಥಿತಿಯಲ್ಲಿಯೇ ಆಗುತ್ತದೆ. ವಿಮಾನದಲ್ಲಿ ಬಳಸಲು ಒಪ್ಪಿಗೆಯ ಗುರುತಿರುವ ಕಾರಿನ ಆಸನವಿದ್ದರೆ ಅದನ್ನು ಮಗಳ ಸೀಟಿಗೆ ಕಟ್ಟಿಕೊಳ್ಳಬಹುದು. ಅದರ ಅಗಲವನ್ನು ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಹಾಗೆ ಒಯ್ದ ಆಸನ ಮಾವನವರ ಕಾರಿಗೂ ಹೊಂದುತ್ತದೆಯೇ ಎಂಬುದನ್ನು ನಿಮ್ಮ ಪತಿ ಒಮ್ಮೆ ವಿಚಾರಿಸಿದರೆ, ಅವರು ಅಲ್ಲಿ ಇನ್ನೊಂದನ್ನು ಕೊಳ್ಳುವ ಅಗತ್ಯವೂ ಬೀಳುವುದಿಲ್ಲ.